ಹತ್ತಕ್ಕೆ ಏಳು, ಹತ್ತಕ್ಕೆ ನಾಲ್ಕು: ಮೌಲ್ಯಮಾಪನದಲ್ಲಿ ನನ್ನ ಅನುಭವ

ಪದವಿ ತರಗತಿಗಳಿಗೆ ಅರ್ಥಶಾಸ್ತ್ರ ಬೋಧಿಸುವ ನನಗೆ, ಅಂಕಗಳನ್ನು ಉತ್ತರ ಪತ್ರಿಕೆಯ ಮೇಲೆ ಹಾಕದೆ ಬೇರೊಂದು ಹಾಳೆಯಲ್ಲಿ ಬರೆದುಕೊಳ್ಳುವ ರೂಢಿಯಿದೆ. ಒಂದು ಸಲ ಆ ಹಾಳೆ ಕಾಣೆಯಾಗಿ, ಇಡೀ ಕಟ್ಟನ್ನು ಎರಡನೆಯ ಬಾರಿ ತಿದ್ದಬೇಕಾಯಿತು. ಎಲ್ಲ ಮುಗಿದ ಮೇಲೆ ಹಳೆಯ ಹಾಳೆ ಪುಸ್ತಕವೊಂದರ ನಡುವೆ ಸಿಕ್ಕಿತು. ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿದಾಗ, ಮೊದಲ ಸಲ ಹತ್ತಕ್ಕೆ ಏಳು ಪಡೆದಿದ್ದ ಉತ್ತರವೊಂದಕ್ಕೆ ಎರಡನೆಯ ಸಲ ನಾನೇ ನಾಲ್ಕು ಕೊಟ್ಟಿದ್ದೆ. 1912ರಲ್ಲಿ ಅಮೆರಿಕದ ಸಂಶೋಧಕರಾದ ಸ್ಟಾರ್ಚ್ ಮತ್ತು ಎಲಿಯಟ್ ಒಂದೇ ಉತ್ತರ ಪತ್ರಿಕೆಯನ್ನು ನೂರಕ್ಕೂ ಹೆಚ್ಚು ಶಿಕ್ಷಕರಿಂದ ತಿದ್ದಿಸಿ, ಅಂಕಗಳು ಎಷ್ಟು ಚೆದುರುತ್ತವೆ ಎಂಬುದನ್ನು ತೋರಿಸಿದ್ದನ್ನು ನಾನು ಓದಿದ್ದೆನಾದರೂ, ಅದು ಬೇರೆಯವರ ವಿಷಯವೆಂದೇ ಭಾವಿಸಿದ್ದೆ.

ಆದ್ದರಿಂದ ನಾನು ಮೊದಲು ಕೈ ಹಾಕಿದ್ದು ವಿಶ್ವಾಸಾರ್ಹತೆಗೆ, ಅಂದರೆ ಯಾರು, ಯಾವಾಗ ತಿದ್ದಿದರೂ ಒಂದು ಉತ್ತರಕ್ಕೆ ಹೆಚ್ಚುಕಡಿಮೆ ಅದೇ ಅಂಕ ಬರುವಂತೆ ಮಾಡುವುದಕ್ಕೆ. ಒಬ್ಬರ ಪತ್ರಿಕೆಯನ್ನು ಪೂರ್ತಿ ಮುಗಿಸಿ ಮತ್ತೊಬ್ಬರದನ್ನು ಎತ್ತಿಕೊಳ್ಳುವುದನ್ನು ಬಿಟ್ಟು, ಎಲ್ಲರ ಮೊದಲ ಪ್ರಶ್ನೆಯನ್ನು ಒಟ್ಟಿಗೆ ತಿದ್ದಿ, ಕಟ್ಟನ್ನು ಕಲೆಸಿ, ಬಳಿಕ ಎರಡನೆಯ ಪ್ರಶ್ನೆಗೆ ಹೋಗತೊಡಗಿದೆ. ಹೆಸರಿನ ಭಾಗವನ್ನು ಮಡಚಿಟ್ಟೆ. ಯಾವ ಅಂಶಕ್ಕೆ ಎಷ್ಟು ಅಂಕವೆಂಬುದನ್ನು ತಿದ್ದುವ ಮೊದಲೇ ಬರೆದಿಟ್ಟು, ಸಹೋದ್ಯೋಗಿಯೊಬ್ಬರೊಂದಿಗೆ ಕುಳಿತು ಐದು ಮಾದರಿ ಉತ್ತರಗಳನ್ನು ಚರ್ಚಿಸಿ ಒಮ್ಮತಕ್ಕೆ ಬಂದೆವು. ಬಳಿಕ 20 ಪತ್ರಿಕೆಗಳನ್ನು ಇಬ್ಬರೂ ಪ್ರತ್ಯೇಕವಾಗಿ ತಿದ್ದಿದೆವು. ನಮ್ಮ ಅಂಕಗಳ ನಡುವಿನ ಸಹಸಂಬಂಧ ತುಂಬ ಹೆಚ್ಚಿತ್ತು. ಆದರೂ ಅವರು ನನಗಿಂತ ಪ್ರತಿ ಉತ್ತರಕ್ಕೂ ಸುಮಾರು ಒಂದೂವರೆ ಅಂಕ ಕಡಿಮೆ ಕೊಟ್ಟಿದ್ದರು. ಸಹಸಂಬಂಧವು ಕೇವಲ ಏರಿಳಿತದ ಹೊಂದಿಕೆಯನ್ನು ನೋಡುತ್ತದೆಯೇ ಹೊರತು ಬಿಗಿಹಿಡಿತದ ವ್ಯತ್ಯಾಸವನ್ನಲ್ಲ ಎಂಬುದು ಅಲ್ಲಿ ಕಣ್ಣಿಗೆ ಕಟ್ಟಿತು. ಅಂದಿನಿಂದ, ಇಬ್ಬರ ಅಂಕಗಳು ಆಕಸ್ಮಿಕಕ್ಕಿಂತ ಎಷ್ಟು ಹೆಚ್ಚು ಹೊಂದುತ್ತವೆಂದು ಅಳೆಯಲು ಕೋಹೆನ್ 1960ರಲ್ಲಿ ಸೂಚಿಸಿದ ಕಪ್ಪಾ ಸೂಚ್ಯಂಕದ, ದೊಡ್ಡ ವ್ಯತ್ಯಾಸಕ್ಕೆ ಹೆಚ್ಚು ತೂಕ ನೀಡಿದ ರೂಪವನ್ನು ಬಳಸುತ್ತಿದ್ದೇನೆ, ಜೊತೆಗೆ ಇಬ್ಬರ ಸರಾಸರಿಯನ್ನೂ ಹೋಲಿಸುತ್ತೇನೆ.

ಅಂಕಗಳು ಹೊಂದತೊಡಗಿದ ಮೇಲೆ ನಿಶ್ಚಿಂತಳಾಗಿದ್ದ ನನ್ನನ್ನು ಒಬ್ಬ ವಿದ್ಯಾರ್ಥಿ ಎಚ್ಚರಿಸಿದ. ‘ಬೇಡಿಕೆಯ ಬೆಲೆ ಸ್ಥಿತಿಸ್ಥಾಪಕತ್ವವನ್ನು (ಬೆಲೆ ಬದಲಾದಾಗ ಬೇಡಿಕೆ ಎಷ್ಟು ಬದಲಾಗುತ್ತದೆ ಎಂಬುದನ್ನು) ವಿವರಿಸಿ’ ಎಂಬ ಪ್ರಶ್ನೆಗೆ ನಾವಿಬ್ಬರೂ ಅವನಿಗೆ ಹತ್ತಕ್ಕೆ ಒಂಬತ್ತು ಕೊಟ್ಟಿದ್ದೆವು. ತರಗತಿಯಲ್ಲಿ ನಾನು, ಬೆಲೆ 20ರಿಂದ 22ಕ್ಕೆ ಏರಿದಾಗ ಮಾರಾಟ 500ರಿಂದ 400ಕ್ಕೆ ಇಳಿದರೆ ಮಾರುವವನ ಒಟ್ಟು ವರಮಾನ ಏನಾಗುತ್ತದೆಂದು ಕೇಳಿದೆ. ಅವನು ತಡವರಿಸಿ, ‘ಮೇಡಂ, ವ್ಯಾಖ್ಯಾನ ಕೇಳಿದ್ದರೆ ಹೇಳುತ್ತಿದ್ದೆ’ ಎಂದ. ವರಮಾನ 10,000ದಿಂದ 8,800ಕ್ಕೆ ಕುಸಿಯುತ್ತದೆ. ಏಕೆ ಕುಸಿಯುತ್ತದೆಂದು ಹೇಳುವುದೇ ಆ ಪಾಠದ ಉದ್ದೇಶ. ನಾವಿಬ್ಬರೂ ಒಮ್ಮತದಿಂದ, ತಪ್ಪದೆ, ಅವನ ಜ್ಞಾಪಕಶಕ್ತಿಗೆ ಅಂಕ ಕೊಟ್ಟಿದ್ದೆವು. ಅಳತೆ ಸ್ಥಿರವಾಗಿತ್ತು, ಆದರೆ ಅಳೆದದ್ದೇ ಬೇರೆ, ಸಿಂಧುತ್ವವಿರಲಿಲ್ಲ.

ಆ ವಾರವೇ ಹಳೆಯ ಪ್ರಶ್ನೆಪತ್ರಿಕೆಗೆ ನೀಲಿನಕ್ಷೆ ಹಾಕಿದೆ. ಒಂದು ಬದಿಗೆ ಕಲಿಕೆಯ ಉದ್ದೇಶಗಳು, ಇನ್ನೊಂದು ಬದಿಗೆ ಬ್ಲೂಮ್ ಮತ್ತು ಸಂಗಡಿಗರು 1956ರಲ್ಲಿ ಪ್ರಕಟಿಸಿದ, ನೆನಪಿನಿಂದ ಮೇಲಕ್ಕೆ ಸಾಗುವ ಆಲೋಚನಾ ಕೌಶಲಗಳ ವರ್ಗೀಕರಣದ ಹಂತಗಳು, ನಡುವಿನ ಮನೆಗಳಲ್ಲಿ ಅಂಕಗಳು. ಒಟ್ಟು 70 ಅಂಕಗಳಲ್ಲಿ 46 ನೆನಪಿನ ಮನೆಗೇ ಹೋಗಿದ್ದವು. ‘ಅನ್ವಯಿಸಬಲ್ಲರು’ ಎಂದು ಪಠ್ಯಕ್ರಮದಲ್ಲಿ ನಾನೇ ಬರೆದಿದ್ದ ಉದ್ದೇಶವೊಂದರ ಸಾಲು ಪೂರ್ತಿ ಖಾಲಿಯಿತ್ತು. ಈಗ ನಕ್ಷೆ ಮೊದಲು, ಪ್ರಶ್ನೆ ಆಮೇಲೆ.

ಬಹು ಆಯ್ಕೆಯ ಪ್ರಶ್ನೆಗಳ ಕಥೆ ಬೇರೆ. ಅಲ್ಲಿ ತಿದ್ದುವವರ ಮನಸ್ಸು ಅಡ್ಡಬರುವುದಿಲ್ಲ, ಆದರೆ ಪ್ರಶ್ನೆಯೇ ಕೆಟ್ಟಿರಬಹುದು. 60 ಜನರ ತರಗತಿಯಲ್ಲಿ ಮೇಲಿನ ಮತ್ತು ಕೆಳಗಿನ ಶೇ. 27ರಷ್ಟನ್ನು, ಅಂದರೆ 16–16 ಜನರನ್ನು ಬೇರ್ಪಡಿಸಿ ಪ್ರತಿ ಪ್ರಶ್ನೆಯನ್ನೂ ಪರಿಶೀಲಿಸಿದೆ. ಒಂದು ಪ್ರಶ್ನೆಗೆ ಮೇಲಿನವರಲ್ಲಿ 5 ಜನ, ಕೆಳಗಿನವರಲ್ಲಿ 9 ಜನ ಸರಿಯುತ್ತರ ಕೊಟ್ಟಿದ್ದರು. ಈ ಎರಡು ಗುಂಪುಗಳ ಅಂತರವನ್ನು ಅಳೆಯುವ ಭೇದಕ ಸೂಚ್ಯಂಕ ಋಣ 0.25. ಬರೆಯುವಾಗ ನನಗೆ ಚೆನ್ನಾಗಿಯೇ ಕಂಡಿದ್ದ ಆ ಪ್ರಶ್ನೆಯ ಆಯ್ಕೆಗಳಲ್ಲಿ ಎರಡು, ಆಳವಾಗಿ ಓದಿದವರಿಗೆ ಸರಿಯೆನಿಸುವಂತಿದ್ದವು. ಅದನ್ನು ಕೈಬಿಟ್ಟು ಎಲ್ಲರ ಅಂಕಗಳನ್ನು ಮತ್ತೆ ಲೆಕ್ಕ ಹಾಕಿದೆ.

ಬಹು ಆಯ್ಕೆಯ ಆ 20 ಪ್ರಶ್ನೆಗಳ ಕಿರುಪರೀಕ್ಷೆಯ ಆಲ್ಫಾ ಮೌಲ್ಯ, ಅಂದರೆ ಪ್ರಶ್ನೆಗಳು ಪರಸ್ಪರ ಎಷ್ಟು ಹೊಂದುತ್ತವೆಂದು ತೋರಿಸುವ ವಿಶ್ವಾಸಾರ್ಹತೆಯ ಅಳತೆ, 0.52 ಮಾತ್ರ ಬಂದಿತ್ತು. ಅದೇ ಗುಣಮಟ್ಟದ ಪ್ರಶ್ನೆಗಳನ್ನು 40ಕ್ಕೆ ಏರಿಸಿದರೆ, ಪರೀಕ್ಷೆಯ ಉದ್ದ ಬದಲಾದಾಗ ವಿಶ್ವಾಸಾರ್ಹತೆ ಎಷ್ಟಾಗುತ್ತದೆಂದು ಅಂದಾಜಿಸುವ ಸ್ಪಿಯರ್‌ಮನ್–ಬ್ರೌನ್ ಸೂತ್ರದ ಪ್ರಕಾರ ಅದು ಸುಮಾರು 0.68 ಆಗಬೇಕು. ಹಾಗೆ ಏರಿಸಿ ನೋಡಿದಾಗ, ಅದೇ ಅವಧಿಯಲ್ಲಿ ನಿಧಾನವಾಗಿ ಓದುವವರು ಕೊನೆಯ ಪುಟವನ್ನೇ ತಲುಪಲಿಲ್ಲ. ವಿಶ್ವಾಸಾರ್ಹತೆಯ ಬೆನ್ನುಹತ್ತಿ ನಾನು ಅರ್ಥಶಾಸ್ತ್ರದ ಬದಲು ಓದಿನ ವೇಗವನ್ನು ಅಳೆಯತೊಡಗಿದ್ದೆ. ಈಗ 20 ಪ್ರಶ್ನೆಗಳ ಕಿರುಪರೀಕ್ಷೆಯನ್ನೇ ಶೈಕ್ಷಣಿಕ ಅವಧಿಯುದ್ದಕ್ಕೂ ನಾಲ್ಕು ಸಲ ಕೊಟ್ಟು ಅಂಕಗಳನ್ನು ಕೂಡಿಸುತ್ತೇನೆ.

ಗುಂಪಿನಲ್ಲಿ ಮಾಡುವ ಯೋಜನಾ ಕಾರ್ಯಕ್ಕೆ ಮಾತ್ರ ಇನ್ನೂ ಸಮಾಧಾನಕರ ದಾರಿ ಸಿಕ್ಕಿಲ್ಲ. ವರದಿ ಒಂದೇ, ಬರೆದವರು ನಾಲ್ವರು. ಪ್ರತಿಯೊಬ್ಬರನ್ನೂ ಹತ್ತು ನಿಮಿಷ ಕೂರಿಸಿ, ಅವರದೇ ವರದಿಯ ಕೋಷ್ಟಕವೊಂದನ್ನು ತೋರಿಸಿ, ಒಂದು ಅಂಕಿ ಬದಲಾದರೆ ತೀರ್ಮಾನ ಏನಾಗುತ್ತದೆಂದು ಈ ವರ್ಷ ಕೇಳುತ್ತಿದ್ದೇನೆ. ಮಾತಿನಲ್ಲಿ ಹಿಂಜರಿಯುವವರಿಗೆ ಇದರಿಂದ ಅನ್ಯಾಯವಾಗುತ್ತಿದೆಯೇ ಎಂಬುದನ್ನು ತಿಳಿಯಲು, ಅದೇ ಪ್ರಶ್ನೆಯನ್ನು ಅರ್ಧ ತರಗತಿಗೆ ಬರವಣಿಗೆಯಲ್ಲೂ ಕೊಟ್ಟಿದ್ದೇನೆ. ಆ ಪತ್ರಿಕೆಗಳು ಸದ್ಯ ಸಹೋದ್ಯೋಗಿಯ ಮೇಜಿನ ಮೇಲಿವೆ.