ಡಿ974 ತುಳಿಯದೆ ದಿಜೋಂನಿಂದ ಸಾಂತ್ನೇಗೆ: ನನ್ನ ಅನುಭವ

ಫ್ರಾನ್ಸಿನ ದಿಜೋಂ ನಗರದ ದಕ್ಷಿಣ ಅಂಚಿನಿಂದ ಸಾಂತ್ನೇ ಊರಿನವರೆಗೆ, ಬರ್ಗಂಡಿಯ ದ್ರಾಕ್ಷಿ ಸೀಮೆಯ ಒಳಗಿಂದಲೇ, ಡಿ974 ಹೆದ್ದಾರಿಯ ಮೇಲೆ ಒಟ್ಟು ಒಂದು ಕಿಲೋಮೀಟರೂ ಓಡಿಸದೆ ಹೋಗಬಹುದು. ಅದೂ ರೋಡ್ ಬೈಕಿನಲ್ಲಿ, ಅಂದರೆ ಡಾಂಬರಿಗೆಂದೇ ಮಾಡಿದ ತೆಳು ಟೈರಿನ ಸೈಕಲ್ಲಿನಲ್ಲಿ. ಜಲ್ಲಿ ದಾರಿಗಾಗುವ ದಪ್ಪ ಟೈರಿನ ಗ್ರಾವೆಲ್ ಬೈಕ್ ಇಲ್ಲದಿದ್ದರೆ ಆ ಕಡೆ ತಲೆ ಹಾಕಬೇಡ ಎಂದವರೇ ನಮ್ಮ ಸೈಕಲ್ ಗುಂಪಿನಲ್ಲಿ ಹೆಚ್ಚು. ಎರಡು ಸಲ ಅವರ ಮಾತೇ ನಿಜವಾಯಿತು, ಮೂರನೇ ಸಲ ನನ್ನದು. ನನ್ನ ದಾರಿ ಸುಮಾರು 75 ಕಿ.ಮೀ., ಏರು 800 ಮೀಟರ್ ಆಸುಪಾಸು. ನಂದಿಬೆಟ್ಟ ಹತ್ತಿದ ಕಾಲಿಗೆ ಇದು ದೊಡ್ಡದಲ್ಲ. ಆದರೆ ಏರು ಒಂದೇ ಕಡೆ ಬರುವುದಿಲ್ಲ, ತುಂಡು ತುಂಡಾಗಿ ಬಂದು ಕಾಲು ಹೀರುತ್ತದೆ.

ಮೊದಲ ಸಲ ಕೈಕೊಟ್ಟದ್ದು ಹೀಟ್‌ಮ್ಯಾಪ್. ರೂಟ್ ಆ್ಯಪಿನಲ್ಲಿ ಕೆಂಪಗೆ ಉರಿಯುವ ರಸ್ತೆ ಅಂದರೆ ಜನ ಓಡಿಸುವ ರಸ್ತೆ ಅಷ್ಟೇ, ನಿಶ್ಶಬ್ದದ ರಸ್ತೆಯಲ್ಲ. ಭಾನುವಾರ ಬೆಳಗ್ಗೆ ಕ್ಲಬ್ಬಿನವರು ಗುಂಪಾಗಿ ಡಿ974 ಮೇಲೆಯೇ ಹಾರಿಸಿಕೊಂಡು ಹೋಗುತ್ತಾರೆ. ಆ್ಯಪ್ ಅದನ್ನೇ ಒಳ್ಳೆಯ ದಾರಿ ಎಂದು ನಂಬಿ ಮಂಗಳವಾರ ನಮ್ಮನ್ನು ಲಾರಿಗಳ ಮಧ್ಯೆ ಬಿಡುತ್ತದೆ. ಎರಡನೇ ಸಲ ಉಪಗ್ರಹ ಚಿತ್ರ ನೋಡಿ ಬಿಳಿ ದಾರಿಗಳನ್ನೆಲ್ಲ ಜೋಡಿಸಿದೆ. ಮೇಲಿನಿಂದ ನೋಡಿದರೆ ಕಾಂಕ್ರೀಟೂ ಬಿಳಿ, ಸುಣ್ಣಕಲ್ಲಿನ ಜಲ್ಲಿಯೂ ಬಿಳಿ. 25 ಎಂಎಂ ಟೈರಿನಲ್ಲಿ ಅರ್ಧ ದಿನ ತಳ್ಳಿಕೊಂಡು ನಡೆದದ್ದೇ ಲಾಭ.

ಕೊನೆಗೆ ಫಲ ಕೊಟ್ಟ ಲೆಕ್ಕ ಇಷ್ಟು. ಇಲ್ಲಿ ನೆಲ ಉತ್ತರ-ದಕ್ಷಿಣವಾಗಿ ಪಟ್ಟಿ ಪಟ್ಟಿಯಾಗಿದೆ. ಪಶ್ಚಿಮಕ್ಕೆ ಕಾಡಿನ ಗುಡ್ಡ, ಅದರ ಕೆಳಗೆ ದ್ರಾಕ್ಷಿಯ ಇಳಿಜಾರು, ಆಮೇಲೆ ಡಿ974, ಅದರಾಚೆ ರೈಲು ಹಳಿ, ಕೊನೆಗೆ ಸೋನ್ ನದಿಯ ಬಯಲು. ಹೆದ್ದಾರಿಯ ಉದ್ದಕ್ಕೆ ಎಂದೂ ಹೋಗಬಾರದು. ದಾಟಲೇಬೇಕಾದರೆ ಊರೊಳಗೆ ಅಡ್ಡಡ್ಡಕ್ಕೆ ದಾಟಬೇಕು. ಇಳಿಜಾರಿನ ನಡು ಎತ್ತರದಲ್ಲಿ ಹೋಗುವ ತೋಟದ ರಸ್ತೆಗಳು ಬಹುಪಾಲು ಡಾಂಬರು ಅಥವಾ ಕಾಂಕ್ರೀಟು. ಇನ್ನೂ ಮೇಲೆ, ಕಾಡಿನ ಅಂಚಿಗೆ ಹೋದರೆ ಜಲ್ಲಿ. ದ್ರಾಕ್ಷಿ ಗಾಡಿಗಳು ದಿನಾ ಓಡಾಡುವ ಕಡೆ ಮಾತ್ರ ದುಡ್ಡು ಸುರಿದು ರಸ್ತೆ ಹಾಕಿರುತ್ತಾರೆ.

ದಿಜೋಂಗೆ ಅಂಟಿಕೊಂಡ ಶೆನೋವ್‌ನಿಂದ ಹೊರಡುವ ಡಿ122 ರಸ್ತೆ ಅಲ್ಲಿ ಸೈಕಲ್ ತುಳಿಯುವ ಎಲ್ಲರಿಗೂ ಗೊತ್ತಿರುವುದೇ. ದಾರಿಯ ಊರುಗಳು ಮಾರ್ಸನೇ, ಫಿಸಾಂ, ಜೆವ್ರೆ-ಶಾಂಬೆರ್ತಾಂ, ಮೊರೇ, ಶಾಂಬೋಲ್. ಬೆಳಗ್ಗೆ ಒಂಬತ್ತರ ಒಳಗೆ ಫಿಸಾಂವರೆಗೆ ಕೆಲಸಕ್ಕೆ ಹೋಗುವವರ ಕಾರುಗಳ ಸಾಲು ಇರುತ್ತದೆ, ಆಮೇಲೆ ಬಿಡುವು. ವೂಜೋದಲ್ಲಿ ಡಿ122 ನಮ್ಮನ್ನು ಹೆದ್ದಾರಿಗೆ ಒಪ್ಪಿಸಿ ಕೈತೊಳೆದುಕೊಳ್ಳುತ್ತದೆ. ಎಲ್ಲರೂ ಅಲ್ಲೇ ಎಡವುವುದು. ಕೆಳಗಿಳಿಯದೆ, ಕ್ಲೋ ದ ವೂಜೋ ಎಂಬ ಗೋಡೆ ಸುತ್ತಿದ ದ್ರಾಕ್ಷಿತೋಟದ ಕೋಟೆಮನೆಯ ಕಡೆ ತಿರುಗಿ. ಸುಮಾರು 50 ಹೆಕ್ಟೇರಿನ ಆ ತೋಟದ ಗೋಡೆಯ ಮೇಲ್ಬದಿಯಿಂದ ತೋಟದ ದಾರಿಗಳಲ್ಲೇ ವೋನ್-ರೊಮಾನೆಗೆ ಇಳಿಯಬಹುದು. ದಾರಿಗೆ ಅಡ್ಡಲಾಗಿ ಮಳೆನೀರಿನ ಕಾಲುವೆಗಳಿವೆ, ಅಂಗೈಯಗಲ, ಕಬ್ಬಿಣದ ಅಂಚು. ನೇರವಾಗಿ ದಾಟಿ. ಓರೆಯಾಗಿ ಹೋದರೆ ಮುಂದಿನ ಗಾಲಿ ಸಿಕ್ಕಿಕೊಳ್ಳುತ್ತದೆ. ವೋನ್‌ನಿಂದ ನುಯಿ-ಸಾಂ-ಜಾರ್ಜ್ ಊರೊಳಗೆ ಹೆದ್ದಾರಿ ಕಾಣದಂತೆ ಸೇರುವ ತಿರುವು ಒಂದಿದೆ. ಅದನ್ನು ಹುಡುಕಲು ನನಗೆ ಎರಡು ಪ್ರವಾಸ ಬೇಕಾಯಿತು, ಆದ್ದರಿಂದ ಇಲ್ಲಿ ಬರೆಯುವುದಿಲ್ಲ. ನಕ್ಷೆಯಲ್ಲಿ ಕಣ್ಣಿಟ್ಟರೆ ಸಿಗುತ್ತದೆ.

ನುಯಿಯಿಂದ ದಕ್ಷಿಣಕ್ಕೆ ಇಳಿಜಾರಿನಲ್ಲೇ ಮುಂದುವರಿಯುವ ಹಟ ಬೇಡ. ಕೊಂಬ್ಲಾಂಶಿಯಾಂ, ಕೊರ್ಗೊಲುವಾಂ ಹತ್ತಿರ ದ್ರಾಕ್ಷಿ ಪಟ್ಟಿ ತೀರಾ ಕಿರಿದಾಗುತ್ತದೆ. ಅಲ್ಲಿ ಗುಡ್ಡದ ತುಂಬ ಸುಣ್ಣಕಲ್ಲಿನ ಗಣಿ. ಪ್ಯಾರಿಸ್ಸಿನ ಗಾರ್ನಿಯೇ ಒಪೆರಾಕ್ಕೆ ಹೋದದ್ದೂ ಈ ಊರಿನ ಕಲ್ಲು. ಮೇಲಿನ ದಾರಿಗಳು ಗಣಿ ಗೇಟಿಗೆ ಹೋಗಿ ನಿಲ್ಲುತ್ತವೆ, ಕೆಳಗೆ ಕಲ್ಲಿನ ಲಾರಿಗಳು. ನನ್ನ ಎರಡನೇ ಪ್ರಯತ್ನ ಸತ್ತದ್ದು ಇಲ್ಲೇ. ಉಪಾಯವೆಂದರೆ ನುಯಿಯಲ್ಲೇ ಪಶ್ಚಿಮಕ್ಕೆ ತಿರುಗಿ ಶೋ ಊರಿಗೆ ಹತ್ತುವುದು. ಅಲ್ಲಿಂದ ಓತ್-ಕೋತ್ ಎಂಬ ಮೇಲುಸೀಮೆ. ಮಾರೇ-ಲೇ-ಫ್ಯುಸೇ, ಎಶೆವ್ರೋನ್ ದಾಟಿ ಪೆರ್ನಾಂ-ವೆರ್ಜೆಲೆಸ್‌ಗೆ ಇಳಿದು, ಸಾವಿನ್ಯಿ ಮೇಲೆ ಬೋನ್ ಸೇರಬೇಕು. ಗಣಿಯನ್ನು ತಪ್ಪಿಸಲು 250 ಮೀಟರಿನಷ್ಟು ಹೆಚ್ಚುವರಿ ಏರು ಕೊಟ್ಟಂತಾಯಿತು. ಬದಲಿಗೆ ಗಂಟೆಗೆ ನಾಲ್ಕೋ ಐದೋ ಕಾರು ಕಂಡರೆ ಹೆಚ್ಚು. ಇಡೀ ದಾರಿಯಲ್ಲಿ ನನಗೆ ಹಿಡಿಸಿದ್ದು ಈ ತುಂಡೇ, ಹೆಸರುವಾಸಿ ಊರುಗಳಲ್ಲ.

ಬೋನ್‌ನಿಂದ ಮುಂದೆ ತಲೆನೋವಿಲ್ಲ. ಬೂಜೇಜ್ ಉದ್ಯಾನದ ಬಳಿ ಹಿಡಿಯಬಹುದಾದ ವುವಾ ದೆ ವೀನ್ಯ್ ಎಂಬ ಸೈಕಲ್ ಹಾದಿ, ಸುಮಾರು 22 ಕಿ.ಮೀ., ಪೊಮಾರ್, ಮೆರ್ಸೋ, ಪ್ಯುಲಿನ್ಯಿ ಮೂಲಕ ಸಾಂತ್ನೇಗೆ ಬಿಡುತ್ತದೆ. ವಾರಾಂತ್ಯದಲ್ಲಿ ಬಾಡಿಗೆ ಇ-ಬೈಕುಗಳ ಜಾತ್ರೆ, ಆಗ ನಾನು ಬೇರೆ ದಾರಿ ಹಿಡಿಯುತ್ತೇನೆ: ಓಸೇ-ದ್ಯುರೆಸ್, ಸಾಂ-ರೊಮಾಂ ಬಂಡೆಗಳ ಕೆಳಗಿನಿಂದ ನೊಲೇಗೆ, ಅಲ್ಲಿಂದ ಮರಾಂಜ್ ಊರುಗಳ ಕಡೆಯಿಂದ ಸಾಂತ್ನೇಗೆ. ಹತ್ತು ಹನ್ನೆರಡು ಕಿ.ಮೀ. ಜಾಸ್ತಿ.

ರಸ್ತೆಯಷ್ಟೇ ಮುಖ್ಯ ಹೊತ್ತು. ಮೂರು ಕಡೆ ನಿಂತು ಹತ್ತು ಹತ್ತು ನಿಮಿಷ ಕಾರು ಎಣಿಸಿದ್ದೆ, ಹುಚ್ಚು ಅಂದುಕೊಳ್ಳಿ. ಬೆಳಗ್ಗೆ ಎಂಟೂವರೆಗೆ ಮೂವತ್ತರ ಮೇಲೆ ಬಂದ ಕಡೆ ಮಧ್ಯಾಹ್ನ ಒಂದಕ್ಕೆ ಆರೋ ಏಳೋ. ಹನ್ನೆರಡರಿಂದ ಎರಡರವರೆಗೆ ಊರಿಗೆ ಊರೇ ಊಟಕ್ಕೆ ಕೂತಿರುತ್ತದೆ. ತಪ್ಪಿಸಲಾಗದ ಕೆಟ್ಟ ತುಂಡುಗಳನ್ನೆಲ್ಲ ಆ ಹೊತ್ತಿಗೆ ಇಟ್ಟುಕೊಳ್ಳಿ. ಆದರೆ ಬ್ರೆಡ್ಡು ಹನ್ನೊಂದೂವರೆಗೇ ಕೊಂಡಿರಬೇಕು, ಆಮೇಲೆ ಅಂಗಡಿ ಬಾಗಿಲು ಮುಚ್ಚಿರುತ್ತದೆ. ಭಾನುವಾರ ಮಧ್ಯಾಹ್ನ, ಸೋಮವಾರ ಇನ್ನೂ ಕಷ್ಟ. ನೀರಿಗೆ ಸ್ಮಶಾನದ ನಲ್ಲಿ. ನಮ್ಮವರು ಮುಖ ಸಿಂಡರಿಸುತ್ತಾರೆ, ಅಲ್ಲಿ ಸೈಕಲ್ ಸವಾರರೆಲ್ಲ ಮಾಡುವುದೇ ಅದು. ‘ನೊಂ ಪೊತಾಬ್ಲ್’ (ಕುಡಿಯುವ ನೀರಲ್ಲ) ಎಂದು ಬರೆದಿದ್ದರೆ ಮಾತ್ರ ಬಾಟಲಿ ಒಡ್ಡಬೇಡಿ.

ದೊಡ್ಡಬಳ್ಳಾಪುರದ ಕಡೆಯ ಚಪ್ಪರದ ದ್ರಾಕ್ಷಿ ಕಣ್ಣಲ್ಲಿಟ್ಟುಕೊಂಡು ಹೋಗಬೇಡಿ. ಅಲ್ಲಿ ಬಳ್ಳಿ ಸೊಂಟದೆತ್ತರ, ಸಾಲಿನಿಂದ ಸಾಲಿಗೆ ಸುಮಾರು ಒಂದು ಮೀಟರ್, ಹೆಕ್ಟೇರಿಗೆ 10,000 ಗಿಡದ ಹತ್ತಿರ. ನೆರಳೂ ಇಲ್ಲ, ಗಾಳಿಗೆ ಮರೆಯೂ ಇಲ್ಲ. ಬೀಜ್ ಎಂಬ ಚಳಿಗಾಳಿ ಉತ್ತರದಿಂದ ಬೀಸುವುದರಿಂದಲೇ ನಾನು ದಿಜೋಂನಿಂದ ದಕ್ಷಿಣಕ್ಕೆ ಹೋಗುವುದು. ಸಾಲು ಅಷ್ಟು ಕಿರಿದಾದ್ದರಿಂದ ಟ್ರ್ಯಾಕ್ಟರೂ ವಿಚಿತ್ರ: ಉದ್ದ ಕಾಲಿನ ಮೇಲೆ ನಿಂತು, ಸಾಲಿನ ಎರಡೂ ಬದಿ ಗಾಲಿಯಿಟ್ಟು ಹೋಗುವ ಆಂಜಾಂಬರ್. ಗೋಡೆಯ ಮೂಲೆಯಿಂದ ಏಕಾಏಕಿ ಹೊರಬರುತ್ತದೆ. ದಾರಿ ಅವರದು, ನಾವು ನಿಲ್ಲಬೇಕು. ಜೂನ್-ಜುಲೈಯಲ್ಲಿ ಮುಂಜಾನೆ ಗಾಳಿಯಿಲ್ಲದ ಹೊತ್ತಿಗೆ ಗಂಧಕ, ತಾಮ್ರದ ಸಿಂಪಡಣೆ ನಡೆಯುತ್ತದೆ, ಗಂಟಲು ಉರಿ. ಸೆಪ್ಟೆಂಬರ್ ಕೊಯ್ಲಿನಲ್ಲಿ ರಸ್ತೆ ಮೇಲೆ ಕೆಸರು, ಹಣ್ಣಿನ ರಸ. ನನಗೆ ಸರಿಬಂದದ್ದು ಮೇ ಕೊನೆ, ಇಲ್ಲವೇ ಕೊಯ್ಲು ಮುಗಿದ ಅಕ್ಟೋಬರ್ ಮೊದಲ ವಾರ.

ಟೈರು 32 ಎಂಎಂ, ಟ್ಯೂಬ್‌ಲೆಸ್, ನನ್ನ 70 ಕಿಲೋ ತೂಕಕ್ಕೆ 55-60 ಪಿಎಸ್‌ಐ. 28ರಲ್ಲೂ ಆಗುತ್ತದೆ, ಆದರೆ ಕಾಂಕ್ರೀಟು ಹಲಗೆಗಳ ಸಂದು ಬೆನ್ನಿಗೆ ಎಣಿಕೆ ಕೊಡುತ್ತದೆ. ಪಂಕ್ಚರಿಗೆ ಕಾರಣ ಗಾಜಲ್ಲ, ಬಳ್ಳಿ ಕಟ್ಟುವ ತಂತಿಯ ಚೂರು. ಟೈರಿನೊಳಗಿನ ಸೀಲಂಟ್ ದ್ರವ ಸೋರುವುದನ್ನು ನಿಲ್ಲಿಸುತ್ತದೆ, ಆದರೆ ತಂತಿಯನ್ನು ಹೊರಗೆಳೆಯಲು ಸಣ್ಣ ಇಕ್ಕಳ ಇರಲಿ. ಬೇಸಿಗೆಯಲ್ಲಿ ‘ಗ್ರಾವಿಯೋಂ’ ಫಲಕ ಕಂಡರೆ ಹೊಸ ಡಾಂಬರಿನ ಮೇಲೆ ಸಡಿಲ ಜಲ್ಲಿ ಎಂದರ್ಥ, ಇಳಿಜಾರಾದರೆ ವೇಗ ಕೊಲ್ಲಿ.

ದುಡ್ಡಿನ ಮಾತು. ಮೊದಲೆರಡು ಸಲ ಬಾಡಿಗೆ ಬೈಕು, ದಿನಕ್ಕೆ 35 ಯೂರೋ ಹತ್ತಿರ. ಒಂದು ಅಂಗಡಿಯವರು ರಿಮ್ಮಿನ ಗೀರಿಗೆ ಠೇವಣಿಯಿಂದ 60 ಯೂರೋ ಮುರಿದುಕೊಂಡರು. ಬೈಕ್ ಪಡೆಯುವಾಗಲೇ ಫೋಟೋ ತೆಗೆಯದ್ದು ನನ್ನ ತಪ್ಪು. ಮೂರನೇ ಸಲ ಸ್ವಂತ ಬೈಕನ್ನೇ ಚೀಲದಲ್ಲಿ ಕಟ್ಟಿ ಒಯ್ದೆ. ಐದು ದಿನಕ್ಕಿಂತ ಹೆಚ್ಚು ಸವಾರಿ ಇದ್ದರೆ ಅದೇ ಅಗ್ಗ. ಆಗ ಕೋಣೆಗೆ 60-70, ಮಧ್ಯಾಹ್ನದ ಊಟದ ಸೆಟ್‌ಗೆ 17-18 ಯೂರೋ ಬಿದ್ದಿತ್ತು. ವೈನ್ ರುಚಿ ನೋಡುವವರಿಗೆ: ರಕ್ತದಲ್ಲಿ ಲೀಟರಿಗೆ 0.5 ಗ್ರಾಂ ಮಿತಿ ಸೈಕಲ್ಲಿಗೂ ಅನ್ವಯ.

ಇದೇ ಲೆಕ್ಕ ಫ್ರಾನ್ಸಿನ ಬೇರೆ ಕಡೆ ನಡೆಯುತ್ತದೆಯೇ ಎಂದೂ ನೋಡಿದೆ. ಬೋರ್ಡೋದಿಂದ ಸೋವ್‌ತೇರ್‌ಗೆ ಹೋಗುವ ರೋಜೇ ಲಾಪೆಬಿ ಹಾದಿ ಹಳೆಯ ರೈಲು ಹಳಿಯ ಮೇಲಿನದು, ನೆರಳು ಸೊಗಸು, ಆದರೆ ದ್ರಾಕ್ಷಿ ಕಾಣುವುದು ನಡುನಡುವೆ ಮಾತ್ರ. ಕ್ಲ್ಯುನಿ-ಮಾಕೋಂ ನಡುವಿನ ಬುವಾ-ಕ್ಲೇರ್ ಸುರಂಗ 1.6 ಕಿ.ಮೀ., ಬಾವಲಿಗಳಿಗಾಗಿ ಚಳಿಗಾಲದಲ್ಲಿ ಮುಚ್ಚಿರುತ್ತಾರೆ. ತೆರೆದಿದ್ದರೂ ಲೈಟು, ಜಾಕೆಟ್ಟು ಬೇಕು. ಅಲ್ಸಾಸ್ ಸೀಮೆಯಲ್ಲಿ ನನ್ನ ಹುಡುಕಾಟ ಇನ್ನೂ ಅರ್ಧ ಮಾತ್ರ ಆಗಿದೆ.

ಸಾಂತ್ನೇಯಲ್ಲಿ ರೈಲಿಗೆ ಕಾಯಬೇಡಿ. ಸಾಂತ್ರ್ ಕಾಲುವೆಯ ದಂಡೆ ಹಿಡಿದು ಐದಾರು ಕಿ.ಮೀ. ಹೋದರೆ ಶಾನ್ಯಿ, ಅಲ್ಲಿ ದಿಜೋಂಗೆ ಟಿಇಆರ್ ಎಂಬ ಪ್ರಾದೇಶಿಕ ರೈಲುಗಳು ಹೆಚ್ಚು. ಶುಕ್ರವಾರ ಸಂಜೆ ಐದರ ಮೇಲಿನ ಗಾಡಿ ಬಿಡಿ, ಸೈಕಲ್ ತೂಗುಹಾಕುವ ಕೊಕ್ಕೆಗಳೆಲ್ಲ ತುಂಬಿರುತ್ತವೆ. ಬೋಗಿಯ ಮೇಲಿನ ಸೈಕಲ್ ಚಿತ್ರ ನೋಡಿ ಅದೇ ಬಾಗಿಲಿಗೆ ಓಡಬೇಕು, ಗಾಡಿ ನಿಲ್ಲುವುದು ಒಂದೆರಡು ನಿಮಿಷ.