ಬೆಲೆ ಇಳಿಯಿತೋ, ನೀವು ಇಳಿಸಿದಿರೋ?

ನನಗೆ ಗೊತ್ತಿರುವ ಹುಡುಗನೊಬ್ಬ ರಟ್ಟಿನ ಡಬ್ಬಿ ಮಾಡುವ ಕಡೆ ಕೆಲಸಕ್ಕಿದ್ದಾನೆ. ದೊಡ್ಡ ಗಿರಾಕಿಯೊಬ್ಬರು ರೇಟು ಇಳಿಸಿ ಎಂದು ಮೇಲ್ ಹಾಕಿದ್ದರು. ಮಾಲೀಕರು ಒಪ್ಪಿದರು. ಹುಡುಗ ಖುಷಿಯಿಂದ ಉತ್ತರ ಬರೆದ: ‘ವಿ ಹ್ಯಾವ್ ಡಿಕ್ಲೈನ್ಡ್ ಯುವರ್ ರೇಟ್.’ ಗಿರಾಕಿ ಬೇರೆ ಕಡೆ ಹೋದರು. ಯಾಕೆ ಅಂತ ಇವನಿಗೆ ಎರಡು ದಿನ ತಲೆಗೇ ಹೋಗಲಿಲ್ಲ. ಇವನು ಬರೆದದ್ದು ‘ನಿಮ್ಮ ರೇಟು ಇಳಿಸಿದ್ದೇವೆ’ ಅಂತ. ಅವರು ಓದಿದ್ದು ‘ನಿಮ್ಮ ರೇಟು ನಮಗೆ ಬೇಡ’ ಅಂತ.

ಇಳಿಯುವ, ಬಾಡುವ, ಜೋಲುವ, ಮುಳುಗುವ ಕ್ರಿಯಾಪದಗಳು ಇಂಗ್ಲಿಷಿನಲ್ಲಿ ರಾಶಿ ಬಿದ್ದಿವೆ. ಬಸ್ ಸ್ಟ್ಯಾಂಡಿನಲ್ಲಿ ಸಿಗುವ ‘ಮೂವತ್ತೇ ದಿನದಲ್ಲಿ ಇಂಗ್ಲಿಷ್’ ಥರದ ಪುಸ್ತಕಗಳು ಎಲ್ಲದರ ಮುಂದೆಯೂ ‘ಇಳಿ, ಕುಸಿ’ ಎಂದು ಬರೆದು ಕೈತೊಳೆದುಕೊಳ್ಳುತ್ತವೆ. ಅವಕ್ಕೆ ದುಡ್ಡು ಹಾಕಬೇಡಿ. ಒಂದೊಂದು ಪದಕ್ಕೂ ವಾಕ್ಯ ಕೊಡುವ ಲರ್ನರ್ಸ್ ಡಿಕ್ಷನರಿ ಒಂದು ಇದ್ದರೆ ಸಾಕು.

ಹೆಜ್ಜೆ 1: ಇಳಿಯುತ್ತಿರುವುದು ಏನು?

ಒಂದು ತುದಿ ನಿಂತು ಇನ್ನೊಂದು ತುದಿ ಜೋತುಬಿದ್ದರೆ ಡ್ರೂಪ್. ಹೂವಿನ ತಲೆ, ಕಣ್ಣಿನ ರೆಪ್ಪೆ, ಮೀಸೆ, ಸೋತವನ ಭುಜ. ಎರಡೂ ತುದಿ ಗಟ್ಟಿಯಾಗಿದ್ದು ನಡು ಜಗ್ಗಿದರೆ ಸ್ಯಾಗ್. ಬಟ್ಟೆ ಒಣಹಾಕುವ ಹಗ್ಗ, ಪುಸ್ತಕ ಜಾಸ್ತಿಯಾದ ಶೆಲ್ಫು, ಹಳೇ ನವಾರಿನ ಮಂಚ. ಬಿಸಿಲಿಗೆ ಕೊತ್ತಂಬರಿ ಸೊಪ್ಪು ಬಾಡಿದರೆ ವಿಲ್ಟ್. ಉಳಿತಾಯದ ದುಡ್ಡು ತಿಂಗಳು ತಿಂಗಳು ಕರಗಿದರೆ ಡ್ವಿಂಡಲ್. ಕೃಷ್ಣಪಕ್ಷದ ಚಂದ್ರನಿಗೆ ವೇನ್. ಸಮುದ್ರದ ಉಬ್ಬರವಿಳಿತಕ್ಕೆ ಕರಾವಳಿಯವರು ‘ಭರತ-ಇಳಿತ’ ಅನ್ನುತ್ತಾರಲ್ಲ, ಆ ಇಳಿತಕ್ಕೆ ಎಬ್.

ಉಕ್ಕಿದ್ದು, ಊದಿದ್ದು ತಣ್ಣಗಾದರೆ ಸಬ್‌ಸೈಡ್: ಪ್ರವಾಹ, ಊತ, ನೋವು, ಗಲಾಟೆ. ಕಾಲಡಿಯ ನೆಲ ಕೆಳಗಿಳಿದರೂ ಇದೇ ಪದ. 2023ರ ಜನವರಿಯಲ್ಲಿ ಉತ್ತರಾಖಂಡದ ಜೋಶಿಮಠದ ಮನೆಗಳು ಬಿರುಕು ಬಿಟ್ಟಾಗ ಇಂಗ್ಲಿಷ್ ಪತ್ರಿಕೆಗಳು ಲ್ಯಾಂಡ್ ಸಬ್‌ಸಿಡೆನ್ಸ್ ಎಂದು ಬರೆದವು. 2018ರಲ್ಲಿ ಕೊಡಗಿನಲ್ಲಿ ಗುಡ್ಡ ಜಾರಿದ್ದು ಲ್ಯಾಂಡ್‌ಸ್ಲೈಡ್. ನಾವು ಎರಡಕ್ಕೂ ‘ಭೂಕುಸಿತ’ ಅಂದುಬಿಡುತ್ತೇವೆ. ಹಾಗಾಗಿ ಅನುವಾದ ಮಾಡುವಾಗ ಎಡವುತ್ತೇವೆ.

‘ಮುಳುಗು’ ಕೂಡ ಹಾಗೆಯೇ. ನೀರು ಉಸಿರಿಗೆ ಅಡ್ಡವಾದರೆ ಡ್ರೌನ್. ಅದು ಉಸಿರಿರುವ ಜೀವಕ್ಕೆ ಮಾತ್ರ. ದೋಣಿಗೆ, ಕಲ್ಲಿಗೆ, ಬಿಂದಿಗೆಗೆ ಸಿಂಕ್. 1912ರ ಏಪ್ರಿಲಿನಲ್ಲಿ ಟೈಟಾನಿಕ್ ‘ಸ್ಯಾಂಕ್’, ‘ಡ್ರೌನ್ಡ್’ ಅಲ್ಲ. ಅಂದಹಾಗೆ, ಅಂದು ಸತ್ತ ಸುಮಾರು 1,500 ಜನರಲ್ಲಿ ಬಹಳ ಮಂದಿಯ ಜೀವ ತೆಗೆದದ್ದು ಹಿಮದಂಥ ನೀರಿನ ಚಳಿ. ಅವರಿಗೂ ‘ಡ್ರೌನ್ಡ್’ ಸರಿಹೊಂದುವುದಿಲ್ಲ.

ಹೆಜ್ಜೆ 2: ತಾನಾಗಿಯೋ, ಯಾರೋ ಮಾಡಿದ್ದೋ?

ಎಲ್ಲರೂ ಬೀಳುವ ಗುಂಡಿ ಇದು. ನಿಧಾನವಾಗಿ ಓದಿ.

ಕನ್ನಡದಲ್ಲಿ ನಮಗೆ ‘ಇಸು’ ಇದೆ. ಇಳಿ-ಇಳಿಸು, ಮುಳುಗು-ಮುಳುಗಿಸು, ತಗ್ಗು-ತಗ್ಗಿಸು. ಬಾಲ ಸೇರಿಸಿದರೆ ಕೆಲಸ ಮುಗಿಯಿತು. ಇಂಗ್ಲಿಷಿನಲ್ಲಿ ಆ ಬಾಲ ಇಲ್ಲ. ಯಾವ ಪದ ‘ಇಳಿ’, ಯಾವುದು ‘ಇಳಿಸು’ ಅಂತ ಒಂದೊಂದಾಗಿ ನೆನಪಿಟ್ಟುಕೊಳ್ಳಬೇಕು. ಬೇರೆ ದಾರಿ ಇಲ್ಲ.

ಬರೀ ‘ಇಳಿ’ ಗುಂಪು: ಫಾಲ್, ಡಿಕ್ಲೈನ್, ಸ್ಲಂಪ್, ಡ್ವಿಂಡಲ್, ಸಬ್‌ಸೈಡ್, ಪ್ಲಮೆಟ್. ಇವುಗಳ ನಂತರ ಬೆಲೆಯನ್ನು, ರೇಟನ್ನು ತಂದು ಕೂರಿಸಬೇಡಿ. ಡಿಕ್ಲೈನ್ ನಂತರ ಹಾಗೆ ಕೂರಿಸಿದರೆ ಅದು ತಕ್ಷಣ ‘ನಯವಾಗಿ ಬೇಡ ಅನ್ನು’ ಆಗಿಬಿಡುತ್ತದೆ. ನಮ್ಮ ಹುಡುಗನ ಕಥೆ ಅದೇ ಅಲ್ವಾ?

ಬರೀ ‘ಇಳಿಸು’ ಗುಂಪು: ಲೋವರ್, ರೆಡ್ಯೂಸ್, ಕಟ್. ಬೆಲೆ ವಿಷಯಕ್ಕೆ ನನ್ನ ಓಟು ಯಾವಾಗಲೂ ‘ಕಟ್’ಗೆ. ಚಿಕ್ಕದು, ತಪ್ಪಲು ಜಾಗವೇ ಇಲ್ಲ. ‘ಮೈ ಫೀವರ್ ಹ್ಯಾಸ್ ರೆಡ್ಯೂಸ್ಡ್’ ನಮ್ಮಲ್ಲಿ ನಡೆಯುತ್ತದೆ, ಡಾಕ್ಟರಿಗೂ ಅರ್ಥವಾಗುತ್ತದೆ. ಆದರೆ ಹೊರದೇಶಕ್ಕೆ ಬರೆಯುವಾಗ ‘ಹ್ಯಾಸ್ ಕಮ್ ಡೌನ್’ ಅನ್ನಿ.

ಎರಡೂ ಕಡೆ ಸಲ್ಲುವವು: ಡ್ರಾಪ್, ಡಿಕ್ರೀಸ್, ಸಿಂಕ್.

ಇನ್ನು ‘ವಾಸ್’ ಕಾಟ. ‘ಸೇಲ್ಸ್ ವಾಸ್ ಡಿಕ್ಲೈನ್ಡ್’ ಎಂಬ ಸಾಲು ಎಷ್ಟು ಆಫೀಸ್ ವರದಿಗಳಲ್ಲಿ ನೋಡಿದ್ದೇನೋ ಲೆಕ್ಕವಿಲ್ಲ. ‘ಕಡಿಮೆ ಆಗಿದೆ’ ಅನ್ನುವಾಗಿನ ‘ಆಗು’ ನಮ್ಮ ತಲೆಯಲ್ಲಿ ಕೂತಿರುತ್ತದೆ. ಅದಕ್ಕೆ ಸಾಟಿಯಾಗಿ ಸುಮ್ನೆ ಒಂದು ‘ವಾಸ್’ ತುರುಕುತ್ತೇವೆ. ತೆಗೆಯಿರಿ. ‘ಸೇಲ್ಸ್ ಡಿಕ್ಲೈನ್ಡ್’, ಅಷ್ಟೇ.

ಒಂದು ‘ವಾಸ್’ ಎಷ್ಟು ಭಾರ ಹೊರುತ್ತದೆ ನೋಡಿ. 1971ರ ಡಿಸೆಂಬರಿನಲ್ಲಿ ಪಾಕಿಸ್ತಾನದ ಜಲಾಂತರ್ಗಾಮಿ ಘಾಜಿ ವಿಶಾಖಪಟ್ಟಣದ ಹತ್ತಿರ ಸಮುದ್ರದ ತಳ ಸೇರಿತು. ಐಎನ್‌ಎಸ್ ರಜಪೂತ್ ಹೊಡೆದು ಮುಳುಗಿಸಿತು ಎನ್ನುವುದು ನಮ್ಮ ನೌಕಾಪಡೆಯ ಮಾತು. ಆಕಸ್ಮಿಕ ಸ್ಫೋಟದಿಂದ ಮುಳುಗಿತು ಎನ್ನುವುದು ಪಾಕಿಸ್ತಾನದ ಮಾತು. ‘ಘಾಜಿ ವಾಸ್ ಸಂಕ್’ ಅಂದರೆ ಮುಳುಗಿಸಿದವರು ಯಾರೋ ಇದ್ದಾರೆ ಅಂತಾಯಿತು. ‘ಘಾಜಿ ಸ್ಯಾಂಕ್’ ಅಂದರೆ ಯಾರ ಮೇಲೂ ಬೆರಳು ತೋರಿಸಿದಂತಾಗುವುದಿಲ್ಲ.

ಬೆಲೆ ವಿಷಯದಲ್ಲಿ ಅನುಮಾನ ಬಂದಾಗ ನಾನು ಮಾಡುವುದು ಇಷ್ಟು. ಮೊದಲು ಕನ್ನಡದಲ್ಲಿ ವಾಕ್ಯ ಕಟ್ಟುತ್ತೇನೆ. ‘ಇಸು’ ಬಂತಾ? ಬಂದರೆ ಕಟ್. ಬರಲಿಲ್ಲವಾ? ಫಾಲ್. ಫೋನಿನ ಅನುವಾದ ಆ್ಯಪ್‌ಗೆ ಒಂಟಿ ಪದ ಹಾಕಿ ಕೇಳಬೇಡಿ. ‘ಇಳಿ’ ಅಂತ ಹಾಕಿದರೆ ಬಸ್ಸಿನಿಂದ ಇಳಿಯುವುದನ್ನೂ ತಂದುಕೊಡುತ್ತದೆ.

ಹೆಜ್ಜೆ 3: ಎಷ್ಟು, ಎಷ್ಟಕ್ಕೆ?

ಈರುಳ್ಳಿ ಕೆಜಿಗೆ 60 ರೂಪಾಯಿ ಇತ್ತು, 20 ಆಯಿತು ಎನ್ನೋಣ. ‘20ಕ್ಕೆ ಇಳಿಯಿತು’ ಅನ್ನುವ ‘ಕ್ಕೆ’ ಇಂಗ್ಲಿಷಿನಲ್ಲಿ ‘ಟು’: ‘ಫೆಲ್ ಟು 20’. ‘40 ರೂಪಾಯಿ ಇಳಿಯಿತು’ ಅನ್ನುವುದಕ್ಕೆ ‘ಬೈ’: ‘ಫೆಲ್ ಬೈ 40’. ಅದಲುಬದಲು ಮಾಡಿದರೆ ರೈತನಿಗೆ 20 ರೂಪಾಯಿ ಹೋಗಿ 40 ಉಳಿದಂತೆ ಆಗುತ್ತದೆ. ಪಾಸಾದವರು ಶೇ 40ರಿಂದ ಶೇ 30ಕ್ಕೆ ಇಳಿದರೆ ಅದು 10 ಪರ್ಸೆಂಟೇಜ್ ಪಾಯಿಂಟ್. ಪರ್ಸೆಂಟ್ ಲೆಕ್ಕ ಹಾಕಿದರೆ 25, ಯಾಕೆಂದರೆ 10 ಅನ್ನುವುದು 40ರ ಕಾಲು ಭಾಗ.

ಹೆಜ್ಜೆ 4: ವೇಗ

ನಿಧಾನಕ್ಕೆ ಡಿಕ್ಲೈನ್, ಸ್ವಲ್ಪ ಇಳಿದು ಮತ್ತೆ ಏರುವಂತಿದ್ದರೆ ಡಿಪ್, ದಿಢೀರ್ ಆದರೆ ಸ್ಲಂಪ್, ನೇರ ಪಾತಾಳಕ್ಕಾದರೆ ಪ್ಲಮೆಟ್. ಗೋಡೆ ನೆಟ್ಟಗಿದೆಯಾ ನೋಡಲು ಗಾರೆಯವರು ದಾರ ಕಟ್ಟಿ ಇಳಿಬಿಡುವ ಗುಂಡು ಇದೆಯಲ್ಲ, ಪ್ಲಮೆಟ್ ಅಂದರೆ ಮೂಲದಲ್ಲಿ ಅದೇ, ಸೀಸದ್ದು. ಎರಡು ಪರ್ಸೆಂಟ್ ಇಳಿದದ್ದಕ್ಕೆಲ್ಲ ಆ ಗುಂಡು ಎಸೆಯಬೇಡಿ.

ಹೆಜ್ಜೆ 5: ಭೂತಕಾಲ

ಫಾಲ್-ಫೆಲ್-ಫಾಲನ್, ಸಿಂಕ್-ಸ್ಯಾಂಕ್-ಸಂಕ್, ಮೇಲಿನ ಉಳಿದವಕ್ಕೆ ಕೊನೆಯಲ್ಲಿ ‘ಇಡಿ’ (ed) ಸೇರಿಸಿದರೆ ಸಾಕು, ಕಟ್ ಮಾತ್ರ ಕಟ್ ಆಗಿಯೇ ಇರುತ್ತದೆ. ಮರ ಕಡಿಯುವುದಕ್ಕೆ ಬೇರೆಯೇ ಒಂದು ‘ಫೆಲ್’ ಇದೆ, ಅದು ‘ಫೆಲ್ಡ್’ ಆಗುತ್ತದೆ. ಜ್ವರ ಬಿಟ್ಟವರ ಗುಳಿಬಿದ್ದ ಕಣ್ಣಿಗೆ ‘ಸಂಕನ್ ಐಸ್’ ಅನ್ನಬೇಕು, ‘ಸಂಕ್ ಐಸ್’ ಅಲ್ಲ.