ಪಿಕಪ್ ಗಾಡಿಗೆ ಪಿಕಪ್ ಬಂದ ಕಥೆ

ಎರಡೂವರೆ ಲಕ್ಷ ಕಿಲೋಮೀಟರ್ ದಾಟಿದ ಹಳೇ ಟರ್ಬೋ ಡೀಸೆಲ್ ಪಿಕಪ್ ನನ್ನದು. ಏರು ಸಿಕ್ಕರೆ ಮೂರನೇ ಗೇರಿನಲ್ಲೇ ಏದುಸಿರು, ಲೋಡ್ ಇದ್ದರೆ ಎರಡನೆಯದೇ ಗತಿ. ‘ಇಂಜಿನ್ ಮುಗೀತು, ಬೋರ್ ಮಾಡಿಸಿ’, ಅಂದರೆ ಸವೆದ ಸಿಲಿಂಡರ್ ಕೊರೆಸಿ, ಅಂದವರು ಮೂವರು. ‘ಪಂಪ್ ಹೋಗಿದೆ’, ಅಂದರೆ ಇಂಜಿನ್ನಿಗೆ ಡೀಸೆಲ್ ಒತ್ತುವ ಪಂಪ್, ಅಂದವರು ಇಬ್ಬರು. ಆ ಇಬ್ಬರ ಮಾತು ಕಟ್ಟಿಕೊಂಡು ಪಂಪ್ ಇಳಿಸಿ ಡೀಸೆಲ್ ಅಳತೆ ಸರಿಪಡಿಸುವ ಕ್ಯಾಲಿಬ್ರೇಷನ್ ಮಾಡಿಸಿದೆ, ಡೀಸೆಲ್ ಸಿಂಪಡಿಸುವ ನಾಲ್ಕೂ ನೋಝಲ್ ಹೊಸದು ಹಾಕಿಸಿದೆ. ಆ ದುಡ್ಡಿಗೆ ನಾಲ್ಕು ಟೈರ್ ಬರುತ್ತಿತ್ತು. ಬೆಳಗಿನ ಸ್ಟಾರ್ಟಿಂಗ್ ಕೊಂಚ ನಯವಾಯಿತು, ಏರಿನಲ್ಲಿ ಮಾತ್ರ ಅದೇ ರಾಗ.

ಆಮೇಲೆ ಹೊಳೆಯಿತು, ಮೊದಲು ಹೊಗೆ ನೋಡಬೇಕಿತ್ತು. ಗಾಡಿ ಸುಸ್ತಾದಾಗ ಹಿಂದೆ ಕರಿ ಹೊಗೆ ಇರಲೇ ಇಲ್ಲ. ಗಾಳಿ ಸಾಲದಿದ್ದರೆ ಹೊಗೆ ಬರುತ್ತದೆ. ಹೊಗೆಯೂ ಇಲ್ಲ, ಎಳೆತವೂ ಇಲ್ಲ ಅಂದರೆ ಡೀಸೆಲ್ಲೇ ಸಾಲುತ್ತಿಲ್ಲ. ಇನ್ನೊಂದು ಗುರುತೂ ಕಣ್ಣೆದುರೇ ಇತ್ತು. ಬದಿಗೆ ಹಾಕಿ ಹತ್ತು ನಿಮಿಷ ಆಫ್ ಮಾಡಿ ಹೊರಟರೆ ಮೂರ್ನಾಲ್ಕು ಕಿಲೋಮೀಟರ್ ಕುದುರೆ ಥರ ಓಡುತ್ತಿತ್ತು. ಕೆಟ್ಟ ಪಂಪು ಹತ್ತು ನಿಮಿಷ ಮಲಗಿದರೆ ರಿಪೇರಿ ಆಗುತ್ತದೆಯೇ?

ಟ್ಯಾಂಕ್, ಅದರ ಲೈನ್ ಎರಡನ್ನೂ ಬಿಟ್ಟು ನೋಡೋಣವೆಂದು, ಐದು ಲೀಟರಿನ ಡೀಸೆಲ್ ಕ್ಯಾನನ್ನು ಬಿಸಿಗೂ ಬೆಲ್ಟಿಗೂ ದೂರ ಬಿಗಿದು ಕಟ್ಟಿ, ಸಣ್ಣ ಫಿಲ್ಟರ್ ಸೇರಿಸಿ ಪಂಪಿಗೆ ನೇರ ಪೈಪ್ ಕೊಟ್ಟೆ. ಮಿಕ್ಕ ಡೀಸೆಲ್ ವಾಪಸ್ ತರುವ ರಿಟರ್ನ್ ಪೈಪೂ ಅದೇ ಕ್ಯಾನಿಗೆ. ‘ಏನ್ ಸಾರ್, ಗ್ಲೂಕೋಸ್ ಏರಿಸ್ತಿದ್ದೀರಾ?’ ಅಂತ ಮೆಕ್ಯಾನಿಕ್ ನಕ್ಕರು. ಅದೇ ಏರನ್ನು ಗಾಡಿ ಮೂರರಲ್ಲಿ ಹತ್ತಿ ನಾಲ್ಕನೇ ಗೇರ್ ಕೇಳಿತು. ಅವರು ಪಕ್ಕದಲ್ಲೇ ಕೂತಿದ್ದರು, ಇಳಿಯುವವರೆಗೆ ಮಾತಿಲ್ಲ.

ಮತ್ತೆ ಟ್ಯಾಂಕ್ ಲೈನಿಗೆ ಜೋಡಿಸಿ, ಪಂಪಿನ ಮುಂದೆ ಒಂದು ಗೇಣು ಪಾರದರ್ಶಕ ಪೈಪ್ ಹಾಕಿದೆ. ರೇಸ್ ಕೊಟ್ಟರೆ ಒಳಗೆ ಸೋಡಾ ಥರ ಗುಳ್ಳೆ! ಹೊರಗೆ ಒಂದು ಹನಿಯೂ ಇಲ್ಲ. ನನ್ನ ಗಾಡಿಯಲ್ಲಿ ಟ್ಯಾಂಕಿನಿಂದ ಡೀಸೆಲ್ ತಂದುಕೊಡುವ ಬೇರೆ ಫೀಡ್ ಪಂಪ್ ಇಲ್ಲ, ಇಂಜಿನ್ನಿಗೆ ಒತ್ತುವ ಆ ರೋಟರಿ ಪಂಪೇ ಟ್ಯಾಂಕಿನಿಂದ ಎಳೆದುಕೊಳ್ಳಬೇಕು. ಎಳೆಯುವ ಕಡೆ ಸಂದಿಯಿದ್ದರೆ ಡೀಸೆಲ್ ಸೋರುವ ಬದಲು ಗಾಳಿ ನುಗ್ಗುತ್ತದೆ. ‘ಸೋರ್ತಿಲ್ವಲ್ಲ’ ಅಂತಲೇ ಎಲ್ಲರೂ ಮೋಸ ಹೋಗಿದ್ದು. ಫಿಲ್ಟರ್ ಮೇಲಿನ ಹ್ಯಾಂಡ್ ಪಂಪಿನ ಸೀಲ್ ಒಣಗಿತ್ತು, ಟ್ಯಾಂಕ್ ಇಳಿಸಿ ನೋಡಿದರೆ ಒಳಗಿನ ಜಾಲರಿಗೆ ಕರಿ ಲೋಳೆ ಮೆತ್ತಿಕೊಂಡಿತ್ತು. ನಿಲ್ಲಿಸಿದಾಗ ಆ ಕಸ ಕೆಳಗೆ ಕೂರುತ್ತಿತ್ತು. ಓಡುತ್ತ ಓಡುತ್ತ ಮತ್ತೆ ಬಾಯಿಗೆ ಅಂಟುತ್ತಿತ್ತು. ಟ್ಯಾಂಕ್ ತೊಳೆದು, ಸೀಲು, ಹೋಸು, ಕ್ಲಿಪ್ಪು ಎಲ್ಲ ಬದಲಿಸಿದ ಖರ್ಚು ಪಂಪ್ ಇಳಿಸಿದ ಕೂಲಿಗಿಂತ ಕಡಿಮೆ. ಹೊಟ್ಟೆ ಉರಿಯದೆ ಇರುತ್ತದೆಯೇ?

ಎಳೆತ ಬಂತು, ಜೊತೆಗೆ ಕರಿ ಹೊಗೆಯೂ ಬಂತು. ‘ನೋಡಿ, ಬೋರ್ ಮಾಡಿಸಿ ಅಂದಿರಲಿಲ್ವಾ?’ ಅಂದರು ಬೋರ್ ಪಕ್ಷದವರು. ನನಗೆ ಖುಷಿಯೇ ಆಯಿತು. ಈಗ ಡೀಸೆಲ್ ಸಾಕಷ್ಟಿದೆ, ಇಂಜಿನ್ನಿಗೆ ಗಾಳಿ ಎಲ್ಲಿ ತಪ್ಪುತ್ತಿದೆ ಅಂತ ಹುಡುಕಬೇಕು. ಟರ್ಬೋ ತಳ್ಳುವ ಬಿಸಿ ಗಾಳಿಯನ್ನು ತಣಿಸುವ ಇಂಟರ್‌ಕೂಲರಿನ ರಬ್ಬರ್ ಹೋಸ್ ಕೈಯಾಡಿಸಿದರೆ ಸರಿಯಾಗಿಯೇ ಇತ್ತು. ಎರಡೂ ತುದಿ ಮುಚ್ಚಿ ಹಗುರಾಗಿ ಗಾಳಿ ತುಂಬಿ ಸೋಪಿನ ನೀರು ಹಚ್ಚಿದಾಗ ತಳದಲ್ಲಿ ಸೀಳು ಬಾಯಿ ಬಿಟ್ಟಿತು. ಅದನ್ನು ಬದಲಿಸಿದ ಮೇಲೆ ಟರ್ಬೋ ಗಾಳಿಯ ಒತ್ತಡ ತೋರಿಸುವ ಬೂಸ್ಟ್ ಮೀಟರ್ 0.4 ಬಾರ್‌ನಿಂದ ಹೆಚ್ಚುಕಮ್ಮಿ 0.7ಕ್ಕೆ ಏರಿತು.

ಕೈ ಸುಮ್ಮನಿರದೆ, ಇಂಜಿನ್ ತಣ್ಣಗಿದ್ದರೆ ಒಳ್ಳೆಯದೆಂದು ಇಂಜಿನ್ ಬಿಸಿಯಾಗುವವರೆಗೆ ನೀರು ರೇಡಿಯೇಟರಿಗೆ ಹೋಗದಂತೆ ತಡೆಯುವ ಥರ್ಮೋಸ್ಟಾಟ್ ಕಿತ್ತು ಓಡಿಸಿದೆ. ಮೈಲೇಜ್ ಬಿತ್ತು, ಬೆಳಗ್ಗೆ ಬಿಳಿ ಹೊಗೆ ಬೇರೆ. ವಾರದೊಳಗೆ 82 ಡಿಗ್ರಿಯದನ್ನೇ ವಾಪಸ್ ಹಾಕಿದೆ. ಡೀಸೆಲ್ಲಿಗೆ ಟೂ-ಸ್ಟ್ರೋಕ್ ಆಯಿಲ್ ಬೆರೆಸಿದ್ದೂ ಉಂಟು. ಸದ್ದು ಇಳಿದಂತೆ ಅನಿಸಿದ್ದು ಬಹುಶಃ ನನ್ನ ಕಿವಿಯ ಆಸೆ.

ಕೊನೆಗೆ ಪಂಪು ಹೆಚ್ಚೆಂದರೆ ಎಷ್ಟು ಡೀಸೆಲ್ ಕೊಡಬೇಕೆಂದು ಗೊತ್ತುಮಾಡುವ ಫುಲ್ ಲೋಡ್ ಸ್ಕ್ರೂ ಮುಟ್ಟಿದೆ. ಎಷ್ಟು ತಿರುಗಿಸಿದೆ, ಟರ್ಬೋ ಒತ್ತಡಕ್ಕೆ ತಕ್ಕಂತೆ ಡೀಸೆಲ್ ಹೆಚ್ಚಿಸುವ ಬೂಸ್ಟ್ ಡಯಾಫ್ರಾಮನ್ನು ಯಾವ ಕಡೆಗೆ ಹೊರಳಿಸಿದೆ ಅನ್ನುವುದು ನನ್ನಲ್ಲೇ ಇರಲಿ. ಎಕ್ಸಾಸ್ಟಿನ ಬಿಸಿ ತೋರಿಸುವ ಮೀಟರ್ ಕೂರಿಸದೆ ಆ ಸ್ಕ್ರೂ ತಂಟೆಗೆ ಹೋಗಬೇಡಿ, ಪಿಸ್ಟನ್ ಕರಗಿದರೆ ಬೋರ್ ಮಾಡಿಸಿ ಅಂದವರೇ ಗೆಲ್ಲುತ್ತಾರೆ.

ಲೀಟರಿಗೆ ಒಂಬತ್ತು ಕೊಡುತ್ತಿದ್ದದ್ದು ಈಗ ಹನ್ನೊಂದು ಚಿಲ್ಲರೆ ಕೊಡುತ್ತಿದೆ. ಇಂಜಿನ್ ತಲೆಯ ಮೇಲಿನ ಟ್ಯಾಪೆಟ್ ಕವರ್‌ನಿಂದ ಆಯಿಲ್ ಮಾತ್ರ ಇನ್ನೂ ಜಿನುಗುತ್ತದೆ, ಎರಡು ಪ್ಯಾಕಿಂಗ್ ಆಯಿತು, ಮೂರನೆಯದು ಮುಂದಿನ ಭಾನುವಾರ.